ಆಕ್ಸಿರಿಂಕಸ್‌ನ 413ನೇ ಪಪೈರಸ್ಸಿನಲ್ಲಿ ಕನ್ನಡವಿದೆಯೇ? ನೀವೇ ಪರೀಕ್ಷಿಸಿ ನೋಡುವ ಕ್ರಮ

ರಾಜ್ಯೋತ್ಸವ ಹತ್ತಿರ ಬಂದಂತೆ ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶಗಳಲ್ಲಿ ಒಂದು ಖಾಯಂ: ಎರಡು ಸಾವಿರ ವರ್ಷ ಹಳೆಯ ಗ್ರೀಕ್ ನಾಟಕದಲ್ಲಿ ಕನ್ನಡ ಮಾತುಗಳಿವೆ. ನಮ್ಮ ಕರಾವಳಿಗೆ ಬರುವಷ್ಟರಲ್ಲಿ ಅದಕ್ಕೆ ಬಾಲವೂ ಬೆಳೆದಿರುತ್ತದೆ: ಕಥೆ ನಡೆದದ್ದು ಮಲ್ಪೆಯಲ್ಲಂತೆ, ಇಲ್ಲ ಕಾರವಾರದ ಕಡೆಯಂತೆ. ಸಂದೇಶ ಪೂರ್ತಿ ಕಟ್ಟುಕಥೆಯಲ್ಲ, ಪೂರ್ತಿ ಸಾಬೀತಾದದ್ದೂ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದಲ್ಲಿ ಸಿಕ್ಕ ಆ ನಾಟಕದ ಪಪೈರಸ್, ಅಂದರೆ ಗಿಡದ ದಂಟಿನಿಂದ ಮಾಡಿದ ಹಾಳೆ, ನಿಜವಾಗಿ ಇದೆ; ಅದರ ಪ್ರಕಟಣೆಯ ಸಂಖ್ಯೆ 413. ಅದರ ಅಚ್ಚಾದ ಪಾಠ ಯಾರಿಗಾದರೂ ಸಿಗುತ್ತದೆ. ಕನ್ನಡದ ವಾದವನ್ನು ಮೊದಲು ಮುಂದಿಟ್ಟವರು ದಕ್ಷಿಣ ಭಾರತದ ಶಾಸನಗಳಲ್ಲೇ ಮುಳುಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್ಶ್. ಹಾಗಿರುವಾಗ ಒಪ್ಪುವ, ಬಿಡುವ ಮಾತಿಗೆ ಮೊದಲು ಪಾಠವನ್ನೇ ಎದುರಿಗಿಟ್ಟುಕೊಂಡು ನೋಡುವುದು ಒಳ್ಳೆಯದು. ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳ ಇತಿಹಾಸ ಅಥವಾ ಕನ್ನಡ ವಿಭಾಗದ ನಾಲ್ಕೈದು ಮಂದಿ ಕೂತರೆ ಎರಡು ರಜಾದಿನದ ಕೆಲಸ. ಗ್ರೀಕ್ ಭಾಷೆ ಬರಬೇಕಿಲ್ಲ, ಅದರ 24 ಅಕ್ಷರ ಗುರುತಿಸಲು ಬಂದರೆ ಆಯಿತು.

ಹತ್ತಿರ ಇಟ್ಟುಕೊಳ್ಳಬೇಕಾದವು: 1903ರಲ್ಲಿ ಅಚ್ಚಾದ ಆಕ್ಸಿರಿಂಕಸ್ ಪಪೈರಸ್ ಸಂಪುಟ 3ರ ಸ್ಕ್ಯಾನ್, ಅದರಲ್ಲಿ 413ರ ಪುಟಗಳ ಎ3 ಅಳತೆಯ ಪ್ರಿಂಟು, ಚೌಕಳಿ ಗೆರೆಯ ನೋಟ್‌ಬುಕ್, ಎರಡು ಬಣ್ಣದ ಪೆನ್ಸಿಲ್, ಕಿಟೆಲ್ ನಿಘಂಟು. ಪ್ರಿಂಟನ್ನು ಎ4ರಲ್ಲಿ ತೆಗೆದರೆ ಅಕ್ಷರಗಳ ಕೆಳಗಿನ ಚುಕ್ಕಿಗಳು ಅಳಿಸಿಹೋಗುತ್ತವೆ. ಆ ಚುಕ್ಕಿಗಳೇ ಮುಂದೆ ಮುಖ್ಯ.

ಮೊದಲು ಕಸದ ಗುಡ್ಡದ ಪರಿಚಯ

ಹಾಳೆ ಎಲ್ಲಿ, ಹೇಗೆ ಸಿಕ್ಕಿತು ಎಂಬುದು ಗೊತ್ತಿಲ್ಲದೆ ಓದಲು ಹೊರಟರೆ ಅದು ಉತ್ತರಿಸಲಾರದ ಪ್ರಶ್ನೆಗಳನ್ನೇ ಕೇಳುತ್ತಾ ಕೂರುತ್ತೇವೆ. ಆದ್ದರಿಂದ ಮೊದಲ ದಿನದ ಅರ್ಧ ಹೊತ್ತನ್ನು ಇದಕ್ಕೇ ಕೊಡಿ.

ಆಕ್ಸಿರಿಂಕಸ್ ಇದ್ದದ್ದು ಕೈರೋದಿಂದ ತೆಂಕಣಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ, ನೈಲ್ ನದಿಯ ಪಶ್ಚಿಮಕ್ಕೆ ಹರಿಯುವ ಬಹ್ರ್ ಯೂಸುಫ್ ಕಾಲುವೆಯ ದಡದಲ್ಲಿ. ಈಗ ಅಲ್ಲಿರುವ ಊರು ಅಲ್‌-ಬಹ್ನಸಾ. ಗ್ರೀಕ್ ಮತ್ತು ರೋಮನ್ ಆಳ್ವಿಕೆಯಲ್ಲಿ ಅದು ಪ್ರಾಂತ್ಯದ ಮುಖ್ಯ ಪಟ್ಟಣ. ಪಟ್ಟಣದ ಜನ ನೂರಾರು ವರ್ಷ ತಮ್ಮ ಕಸವನ್ನು ಊರಾಚೆಯ ಮರಳಿನಲ್ಲಿ ಸುರಿದರು. ಹಳೆಯ ಲೆಕ್ಕಪತ್ರ, ತೆರಿಗೆ ರಸೀದಿ, ಗೇಣಿ ಕರಾರು, ಮನೆಯವರಿಗೆ ಬರೆದ ಕಾಗದ, ಹರಿದ ಪುಸ್ತಕ, ಎಲ್ಲವೂ ಹುಲ್ಲು ಕಡ್ಡಿಯ ಜೊತೆ ಬುಟ್ಟಿಯಲ್ಲಿ ಹೋಗಿ ಗುಡ್ಡವಾಯಿತು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಕೆಲವೇ ಮಿಲಿಮೀಟರ್. ಕಾಲುವೆಯ ನೀರೂ ಗುಡ್ಡಗಳ ಮೇಲ್ಭಾಗಕ್ಕೆ ಏರಲಿಲ್ಲ. ಪಪೈರಸ್ ಉಳಿಯಲು ಕಾರಣ ಇಷ್ಟೇ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಸುರಿಯುತ್ತದೆ. ನಮ್ಮ ಕಡೆ ಅದೇ ಹಾಳೆಯನ್ನು ನೆಲದಲ್ಲಿ ಹೂತಿದ್ದರೆ ಒಂದೇ ಮಳೆಗಾಲಕ್ಕೆ ಮಣ್ಣಾಗುತ್ತಿತ್ತು. ಘಟ್ಟದ ಮೇಲಿನ ಮನೆಗಳಲ್ಲಿ ಓಲೆಗರಿ, ಕಡತಗಳು ಉಳಿದಿದ್ದರೆ ಅದು ಅಟ್ಟದ ದೆಸೆಯಿಂದ. ಹಾಗಾಗಿ ಈ ಕರಾವಳಿಯ ಅಷ್ಟು ಹಳೆಯ ಲಿಖಿತ ಇಲ್ಲೇ ಸಿಗದೆ ಈಜಿಪ್ಟಿನ ಕಸದಲ್ಲಿ ಸಿಗಬಹುದೆಂಬ ಮಾತು ಕೇಳಲು ವಿಚಿತ್ರವಾದರೂ ಅಸಾಧ್ಯವೇನಲ್ಲ.

ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ತರುಣರು ಈಜಿಪ್ಟ್ ಎಕ್ಸ್‌ಪ್ಲೊರೇಶನ್ ಫಂಡ್ ಪರವಾಗಿ 1896ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋದರು. ಮೊದಲು ಅಗೆದದ್ದು ಸ್ಮಶಾನ, ಅಲ್ಲಿ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. 1897ರ ಜನವರಿ 11ರಂದು ಸುಮಾರು 70 ಮಂದಿ ಗಂಡಸರು, ಹುಡುಗರನ್ನು ಕಟ್ಟಿಕೊಂಡು ಕಸದ ಗುಡ್ಡಕ್ಕೆ ಕೈಹಾಕಿದರು. ಶುರುವಾಗುತ್ತಿದ್ದಂತೆ ಯೇಸುವಿನ ನುಡಿಗಳಿದ್ದ ಒಂದು ಹಾಳೆ ಸಿಕ್ಕಿತು. ಅದು ಥಾಮಸನ ಸುವಾರ್ತೆಯ ಗ್ರೀಕ್ ಪಾಠವೆಂದು ತಿಳಿದದ್ದು 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ಕಾಪ್ಟಿಕ್ ಪ್ರತಿ ಸಿಕ್ಕ ಮೇಲೆ. ಮುಂದೆ ಸಾಫೋಳ ಪದ್ಯ, ಪಿಂಡರನ ಸ್ತೋತ್ರಗಳು, ಸೊಫೊಕ್ಲಿಸ್‌ನ ಕಳೆದುಹೋಗಿದ್ದ ನಾಟಕದ ಭಾಗ, ಯೂಕ್ಲಿಡನ ರೇಖಾಗಣಿತದ ಒಂದು ಚೂರು, ಹೀಗೆ ಸಾಲುಸಾಲಾಗಿ ಬಂದವು. ಮೊದಲ ಹಂಗಾಮಿನ ನಂತರ ಬೇರೆ ಜಾಗಗಳಲ್ಲಿ ಅಗೆದು, 1903ರಲ್ಲಿ ಮರಳಿ ಬಂದು, 1907ರ ತನಕ ಐದು ಚಳಿಗಾಲ ಅಲ್ಲೇ ಇದ್ದರು. ತಗಡಿನ ಡಬ್ಬಿಗಳಲ್ಲಿ ತುಂಬಿ ಕಳಿಸಿದ ಚೂರುಗಳ ಒಟ್ಟು ಲೆಕ್ಕ ಸುಮಾರು 5 ಲಕ್ಷ. 1898ರಿಂದ ಇಲ್ಲಿಯ ತನಕ 80ಕ್ಕಿಂತ ಹೆಚ್ಚು ಸಂಪುಟ ಅಚ್ಚಾಗಿವೆ, ಆದರೂ ಪ್ರಕಟವಾದದ್ದು ಐದು ಸಾವಿರದ ಆಸುಪಾಸು. ಅಂದರೆ ನೂರಕ್ಕೆ ಒಂದು.

ಪಪೈರಸ್ ಎಲ್ಲ ಮಣ್ಣಿನಲ್ಲೂ ಇರುವುದಿಲ್ಲ. ಹುಲ್ಲು, ಕಡ್ಡಿ ಬೆರೆತ ಒಂದು ಬಗೆಯ ಮಣ್ಣಿನಲ್ಲಿ ಮಾತ್ರ ಅದು ಸಿಗುತ್ತದೆಂದು ಅಲ್ಲಿನ ಕೆಲಸಗಾರರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಅದನ್ನು ಅಫ್ಶ್ ಎನ್ನುತ್ತಿದ್ದರು. ಬರೀ ಗಟ್ಟಿ ಮಣ್ಣು ಸಿಕ್ಕಿದರೆ ಅಗೆತ ವ್ಯರ್ಥ, ಬರೀ ಸಡಿಲ ಧೂಳು ಸಿಕ್ಕಿದರೂ ವ್ಯರ್ಥ. ತೀರಾ ಕೆಳಗೆ ಹೋದರೆ ತೇವ ತಿಂದಿರುತ್ತದೆ. ಇದರ ಮೇಲೆ ಸೆಬಾಖ್ ಕಾಟ. ಹಳೆಯ ಊರಿನ ಮಣ್ಣಿನಲ್ಲಿ ಸಾರಜನಕ ಹೆಚ್ಚೆಂದು ರೈತರು ಗದ್ದೆಗೆ ಗೊಬ್ಬರವಾಗಿ ಹೊತ್ತೊಯ್ಯುತ್ತಿದ್ದರು, ಅದರ ಜೊತೆ ಎಷ್ಟೋ ಹಾಳೆ ಗದ್ದೆ ಸೇರಿತು.

ಈಗ ನಮಗೆ ಬೇಕಾದ ತೊಡಕಿನ ವಿಷಯ. ಗ್ರೆನ್‌ಫೆಲ್, ಹಂಟ್ ಹುಡುಕಿದ್ದು ಬರವಣಿಗೆಯನ್ನು. ಯಾವ ಹಾಳೆ ಯಾವ ಗುಡ್ಡದ ಯಾವ ಪದರದಲ್ಲಿ, ಯಾವ ವಸ್ತುವಿನ ಪಕ್ಕದಲ್ಲಿತ್ತು ಎಂಬುದನ್ನು ಈಗಿನ ಉತ್ಖನನದವರಂತೆ ಅವರು ದಾಖಲಿಸಲಿಲ್ಲ. ಗುಡ್ಡವೊಂದರ ಮೇಲೆ ಮುಸ್ಲಿಂ ಶೇಖ್ ಒಬ್ಬರ ಗೋರಿ ಇದ್ದುದರಿಂದ ಅದನ್ನು ಮುಟ್ಟಲಾಗಲಿಲ್ಲ. 1930ರ ದಶಕದಲ್ಲಿ ಎವಾರಿಸ್ತೊ ಬ್ರೆಚ್ಚಾ ಮುಂದಾಳುತನದ ಇಟಾಲಿಯನ್ ತಂಡ ಅದನ್ನು ಅಗೆಯಿತು. ಅವರಿಗೂ ಮೊದಲು, 1910ರಿಂದ 1914ರ ತನಕ, ಇಟಲಿಯವರೇ ಆದ ಪಿಸ್ತೆಲ್ಲಿ ಅಲ್ಲಿ ಅಗೆಯುತ್ತಿದ್ದರು. ಪಟ್ಟಣದ ಕಟ್ಟಡಗಳ ಕಡೆ ಗಮನ ಹರಿಸಿದವರಲ್ಲಿ ಮೊದಲಿಗರು 1922ರಲ್ಲಿ ಬಂದ ಫ್ಲಿಂಡರ್ಸ್ ಪೆಟ್ರಿ. ದೊಡ್ಡ ರಂಗಮಂದಿರವೊಂದರ ಅವಶೇಷ ಅವರಿಂದ ಬೆಳಕಿಗೆ ಬಂತು. 1992ರಿಂದ ಬಾರ್ಸಿಲೋನಾದ ತಂಡ ಅಗೆಯುತ್ತಿದೆ. ಇಷ್ಟೆಲ್ಲ ಆದರೂ 413 ಯಾರ ಮನೆಯ ಕಸ, ಯಾವ ನಾಟಕ ಮಂಡಳಿಯ ಪ್ರತಿ, ಅದರ ಜೊತೆ ಇನ್ನೇನಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಸಾಕ್ಷಿ ಎಂದರೆ ಹಾಳೆಯೊಂದೇ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನು ಬರೆದಿಡಿ.

ಸಂಖ್ಯೆ ಹಿಡಿದು ಪಾಠ ಹುಡುಕುವುದು

ಹುಡುಕುವಾಗ ಬಳಸಬೇಕಾದ ಗುರುತು ಪಿ. ಆಕ್ಸಿ. 413. ಇದು ಪ್ರಕಟಣೆಯ ಕ್ರಮಸಂಖ್ಯೆ. ಆಕ್ಸ್‌ಫರ್ಡಿನ ಡಬ್ಬಿಗಳ ಮೇಲಿನ ದಾಸ್ತಾನು ಸಂಖ್ಯೆ ಬೇರೆ, ಗ್ರಂಥಾಲಯದ ಕರೆಸಂಖ್ಯೆ ಇನ್ನೂ ಬೇರೆ. ಈ ಮೂರನ್ನು ಕಲಸಿಕೊಂಡವರು ಯಾವುದೋ ಗೋಧಿ ಲೆಕ್ಕದ ಚಿತ್ರವನ್ನು ಕನ್ನಡ ನಾಟಕವೆಂದು ಹಂಚುತ್ತಾರೆ. ಅಚ್ಚಾದ ಪಪೈರಸ್‌ಗಳನ್ನು ಫಂಡ್ ಹಲವು ದೇಶಗಳ ಸಂಗ್ರಹಗಳಿಗೆ ಹಂಚಿತು. 413 ಇರುವುದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ. ಸಂಪುಟ 3ರ ಹಕ್ಕುಸ್ವಾಮ್ಯ ಯಾವಾಗಲೋ ಮುಗಿದಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಸಿಗುತ್ತದೆ. ಅಲ್ಲಿನ ತಾನಾಗಿ ತಯಾರಾದ ಅಕ್ಷರ ಕಡತ ನೋಡಬೇಡಿ. ಹಳೆಯ ಗ್ರೀಕ್ ಅಚ್ಚನ್ನು ಯಂತ್ರ ಓದಿದಾಗ ಬರುವುದು ಬರೀ ಕಸ. ಪುಟದ ಚಿತ್ರವನ್ನೇ ಇಳಿಸಿಕೊಳ್ಳಿ. ಆಮೇಲಿನ ಲೇಖನಗಳ ಪಟ್ಟಿಗೆ ಟ್ರಿಸ್ಮೆಜಿಸ್ಟೋಸ್ ದತ್ತಕೋಶದಲ್ಲಿ ಇದೇ ಸಂಖ್ಯೆ ಹಾಕಿ.

1940ರ ದಶಕದಲ್ಲಿ ಡಿ. ಎಲ್. ಪೇಜ್ ಅವರು ಗ್ರೀಕ್, ಲ್ಯಾಟಿನ್ ಕೃತಿಗಳ ಲೋಬ್ ಮಾಲೆಗೆ ಸಿದ್ಧಪಡಿಸಿದ ಪಾಠ ಇಂಗ್ಲಿಷ್ ಅನುವಾದದೊಂದಿಗೆ ಇದೆ. ಕಥೆ ತಿಳಿಯಲು ಅದು ಸುಲಭ. ಪರೀಕ್ಷೆಗೆ ಮಾತ್ರ ಅದು ಬೇಡ, ಏಕೆಂದರೆ ಹರಿದ ಜಾಗಗಳನ್ನು ಪೇಜ್ ಧೈರ್ಯವಾಗಿ ತುಂಬುತ್ತಾರೆ.

ಹಾಳೆಯಲ್ಲಿ ಏನಿದೆ

ಪಪೈರಸ್ ಹಾಳೆಯನ್ನು ಗಿಡದ ದಂಟಿನ ತೆಳು ಪಟ್ಟಿಗಳಿಂದ ಮಾಡುತ್ತಿದ್ದರು. ಒಂದು ಪದರ ಅಡ್ಡ, ಇನ್ನೊಂದು ಉದ್ದ, ಎರಡನ್ನೂ ಒತ್ತಿ ಒಣಗಿಸುವುದು. ನಾರು ಅಡ್ಡವಾಗಿ ಕಾಣುವ ಮಗ್ಗುಲು ಮುಂಬದಿ, ಉದ್ದವಾಗಿ ಕಾಣುವುದು ಹಿಂಬದಿ. ಸಾಮಾನ್ಯವಾಗಿ ಮೊದಲು ಬರೆಯುತ್ತಿದ್ದುದು ಮುಂಬದಿಯಲ್ಲಿ. 413ರಲ್ಲಿ ಎರಡೂ ಕಡೆ ಬರಹವಿದೆ. ಮುಂಬದಿಯ ಮೂರು ಅಂಕಣಗಳಲ್ಲಿ ನಮಗೆ ಬೇಕಾದ ಪ್ರಹಸನ. ಹಿಂಬದಿಯಲ್ಲಿ ಅದರ ಒಂದು ತುಣುಕಿನ ತಿದ್ದಿದ ರೂಪ, ಜೊತೆಗೆ ಸಂಬಂಧವಿಲ್ಲದ ಇನ್ನೊಂದು ಪ್ರಹಸನ. ಆ ಎರಡನೆಯದರಲ್ಲಿ ಕನ್ನಡ ಹುಡುಕಿ ಹೊತ್ತು ಕಳೆಯಬೇಡಿ.

ಬರವಣಿಗೆಯ ಶೈಲಿ ನೋಡಿ ಸಂಪಾದಕರು ಹಾಳೆಯನ್ನು ಕ್ರಿ.ಶ. 2ನೇ ಶತಮಾನದ್ದು ಎಂದರು. ಲಿಪಿಶೈಲಿಯಿಂದ ಹೇಳುವ ಕಾಲದಲ್ಲಿ ಐವತ್ತು ವರ್ಷ ಆಚೀಚೆ ಇದ್ದೇ ಇರುತ್ತದೆ. ನಾಟಕ ಬರೆದ ಕಾಲ ಹಾಳೆಗಿಂತ ಹಿಂದಿನದಿರಬಹುದು, ಬರೆದವರ ಹೆಸರಿಲ್ಲ.

ಕಥೆ ಚಿಕ್ಕದು. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನೊಬ್ಬನ ಕೈಗೆ ಸಿಕ್ಕಿ ದೇವಿಯ ಗುಡಿಯಲ್ಲಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ. ಬೇಟೆಯಿಂದ ಹಿಂದಿರುಗುವ ಬಿಲ್ಲುಗಾತಿಯರ ಗುಂಪು, ಕುಣಿತ, ಡೋಲು. ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ರಾಜನನ್ನೂ ಪರಿವಾರವನ್ನೂ ಮತ್ತಿಗೆ ಬೀಳಿಸಿ ಹುಡುಗಿಯನ್ನು ಕರೆದುಕೊಂಡು ಓಡುತ್ತಾರೆ. ಜೊತೆಗಿರುವ ವಿದೂಷಕನ ಮುಖ್ಯ ಆಯುಧ ಅಪಾನವಾಯು; ಅದಕ್ಕೂ ಪಾಠದಲ್ಲಿ ರಂಗಸೂಚನೆ ಇದೆ. ಯೂರಿಪಿಡಿಸ್‌ನ ಇಫಿಜೀನಿಯಾ ಕಥೆಯ ಅಣಕವಿದು ಎಂಬುದು ಗ್ರೀಕ್ ನಾಟಕ ಬಲ್ಲವರಿಗೆ ಕೂಡಲೇ ಹೊಳೆಯುತ್ತದೆ. ಅಂದಮೇಲೆ ನಡೆದ ಘಟನೆಯ ವರದಿಯೆಂದು ಇದನ್ನು ಓದುವಂತಿಲ್ಲ.

ಪುಟದ ಎಡಬದಿಯಲ್ಲಿ ಪಾತ್ರಗಳ ಹೆಸರಿಲ್ಲ, ಒಂಟಿ ಗ್ರೀಕ್ ಅಕ್ಷರಗಳಿವೆ. ಮೊದಲನೆಯ ಅಕ್ಷರ ಖಾರಿಟಿಯಾನ್, ಎರಡನೆಯದು ವಿದೂಷಕ, ಮೂರನೆಯದು ಅಣ್ಣ, ಹೀಗೆ. ರಾಜನಿಗೆ ಮಾತ್ರ ಅವನ ಪದವಿಯ ಮೊದಲ ಮೂರು ಅಕ್ಷರ. ಡೋಲು ಬಾರಿಸಬೇಕಾದಲ್ಲಿ ಸಂಕೇತಗಳಿವೆ. ಇವನ್ನು ಮಾತಿನ ಭಾಗವೆಂದು ಓದಿದರೆ ಇಲ್ಲದ ಪದ ಹುಟ್ಟಿಕೊಳ್ಳುತ್ತದೆ. ಮೊದಲ ಬಣ್ಣದ ಪೆನ್ಸಿಲಿನಿಂದ ಪಾತ್ರಸೂಚನೆ, ರಂಗಸೂಚನೆ ಎಲ್ಲಕ್ಕೂ ಸುತ್ತು ಹಾಕಿ ಪಕ್ಕಕ್ಕಿಡಿ.

ಎರಡನೇ ಬಣ್ಣ ಕಂಸಗಳಿಗೆ. ಚೌಕ ಕಂಸದ [ ] ಒಳಗಿರುವುದು ಹಾಳೆಯಲ್ಲಿ ಇಲ್ಲ. ಅಲ್ಲಿ ತೂತು, ಒಳಗಿನ ಅಕ್ಷರ ಸಂಪಾದಕರ ಊಹೆ. ದುಂಡು ಕಂಸ ಸಂಕ್ಷೇಪವನ್ನು ಬಿಡಿಸಿದ್ದು. ಕೋನ ಕಂಸ < > ಬರೆದವನು ಬಿಟ್ಟದ್ದನ್ನು ಸಂಪಾದಕರು ಸೇರಿಸಿದ್ದು. ಜೋಡಿ ಚೌಕ ಕಂಸ ಬರೆದವನೇ ಹೊಡೆದುಹಾಕಿದ್ದು. ಬರೀ ಚುಕ್ಕಿಗಳು ಓದಲಾಗದ ಅಕ್ಷರಗಳ ಲೆಕ್ಕ, ಅಕ್ಷರದ ಕೆಳಗಿನ ಚುಕ್ಕಿ ಓದು ಅನುಮಾನವೆಂಬ ಗುರುತು. 1931ರಲ್ಲಿ ಲೈಡನ್ನಿನಲ್ಲಿ ವಿದ್ವಾಂಸರು ಸೇರಿ ಈ ಗುರುತುಗಳನ್ನು ಏಕರೂಪಕ್ಕೆ ತಂದರು. 1903ರ ಸಂಪುಟ ಬಹುಮಟ್ಟಿಗೆ ಇದೇ ಪದ್ಧತಿಯದು, ಆದರೂ ಸಂಪುಟದ ಮುಂಭಾಗದ ಟಿಪ್ಪಣಿಯನ್ನು ಒಮ್ಮೆ ಓದಿ. ಚೌಕ ಕಂಸದೊಳಗಿನ ಅಕ್ಷರವನ್ನು ಸೇರಿಸಿಕೊಂಡು ಕನ್ನಡ ಪದ ಕಟ್ಟಿದರೆ, ಸತ್ತಿರುವ ಸಂಪಾದಕನ ಊಹೆಗೆ ನಿಮ್ಮ ಊಹೆ ಪೋಣಿಸಿದಂತೆ. ಎರಡನೇ ಬಣ್ಣ ಬಿದ್ದ ಅಕ್ಷರಗಳಿಂದ ಯಾವ ತೀರ್ಮಾನವೂ ಬೇಡ.

ಇನ್ನೊಂದು ಸಂಗತಿ ಸುಲಭವಾಗಿ ತಪ್ಪಿಹೋಗುತ್ತದೆ. ಮೂಲದಲ್ಲಿ ಪದಗಳ ನಡುವೆ ಜಾಗವಿಲ್ಲ. ನೀವು ಅಚ್ಚಿನಲ್ಲಿ ನೋಡುವ ಪದವಿಭಾಗ ಸಂಪಾದಕರದು. ಗ್ರೀಕ್ ಸಾಲುಗಳಲ್ಲಿ ಅದನ್ನು ನಂಬಬಹುದು. ರಾಜನ ಕಡೆಯವರು ಆಡುವ, ಗ್ರೀಕ್ ಲಿಪಿಯಲ್ಲೇ ಬರೆದ ಪರಭಾಷೆಯ ಸಾಲುಗಳಲ್ಲಿ ಎಲ್ಲಿ ಕಡಿಯಬೇಕೆಂಬುದು ಅವರಿಗೂ ಗೊತ್ತಿರಲಿಲ್ಲ.

ಪರಭಾಷೆಯ ಸಾಲುಗಳನ್ನು ಇಳಿಸಿಕೊಳ್ಳುವುದು

ಚೌಕಳಿ ಪುಸ್ತಕದಲ್ಲಿ ಒಂದು ಮನೆಗೆ ಒಂದು ಗ್ರೀಕ್ ಅಕ್ಷರದಂತೆ, ಜಾಗ ಬಿಡದೆ, ರಾಜ ಮತ್ತು ಅವನ ಜನ ಆಡುವ ಮಾತುಗಳನ್ನು ನಕಲು ಮಾಡಿ. ಕೆಳಗಿನ ಸಾಲಿನಲ್ಲಿ ಕನ್ನಡ ಅಕ್ಷರ ಬರೆಯಿರಿ. ಪ್ರಸಿದ್ಧವಾದ ಸಾಲು ಹೀಗೆ ಬರುತ್ತದೆ: ಬೆರೆ ಕೊನ್‌ಝೆಯ್ ದಮುನ್ ಪೆತ್ರೆಕಿಓ ಪಕ್ತೆಯ್ ಕೊರ್ತಮೆಸ್ ಬೆರೆ... ಮುಂದೆ ಪೆತ್ರೆಕಿಓ ಎಂಬುದು ಮತ್ತೊಮ್ಮೆ, ದಮುನ್ ಬದಲು ದಮುತ್, ಕೊನ್‌ಝೆಯ್ ಬದಲು ಕಿನ್‌ಝೆ.

ಇಲ್ಲಿ ಲಿಪಿಯ ಮಿತಿ ತಿಳಿದಿರಬೇಕು. ಗ್ರೀಕ್ ಲಿಪಿಯಲ್ಲಿ ಟ-ತ, ಡ-ದ ಎಂಬ ಭೇದವಿಲ್ಲ. ಳ ಇಲ್ಲ, ಹಳಗನ್ನಡದ ಱ, ೞ ಇಲ್ಲ. ಚ ಇಲ್ಲದ್ದರಿಂದ ಅದರ ಜಾಗಕ್ಕೆ ಝೀಟಾ ಎಂಬ ಗ್ರೀಕ್ ಅಕ್ಷರ ಬಂದಿರಬಹುದು. ಅ ಹ್ರಸ್ವವೋ ದೀರ್ಘವೋ ತಿಳಿಯದು. ಆ ಕಾಲಕ್ಕೆ ಗ್ರೀಕರ ಬಾಯಲ್ಲಿ ಬೀಟಾ ಬ-ದಿಂದ ವ-ದ ಕಡೆಗೆ ಸರಿಯುತ್ತಿತ್ತು. ಸಾಲದ್ದಕ್ಕೆ ಈಜಿಪ್ಟಿನಲ್ಲಿ ಬರೆಯುವವರು ತ-ದ, ಕ-ಗ ಅದಲುಬದಲು ಮಾಡುವುದು ಮಾಮೂಲು. ಹೀಗಾಗಿ ಪ್ರತಿ ಮನೆಯ ಕೆಳಗೆ ಒಂದೇ ಕನ್ನಡ ಅಕ್ಷರ ಬರೆಯಬೇಡಿ. ಸಾಧ್ಯವಿರುವಷ್ಟನ್ನೂ ಒಂದರ ಕೆಳಗೊಂದು ಬರೆಯಿರಿ. ಕೆಲವು ಮನೆಗಳ ಕೆಳಗೆ ನಾಲ್ಕೈದು ಅಕ್ಷರ ನಿಲ್ಲುತ್ತವೆ. ಎಷ್ಟು ಸಲೀಸಾಗಿ ಯಾವ ಪದ ಬೇಕಾದರೂ ಹೊಂದಿಸಬಹುದು ಎಂಬ ಎಚ್ಚರಿಕೆ ಆ ಪಟ್ಟಿಯಲ್ಲೇ ಇದೆ.

ಹುಲ್ಟ್ಶ್ ಓದು, ಮತ್ತು ಅದನ್ನು ತೂಗುವುದು

ಯೂಜೆನ್ ಹುಲ್ಟ್ಶ್ ಮದ್ರಾಸಿನಲ್ಲಿ ಸರ್ಕಾರದ ಶಾಸನತಜ್ಞರಾಗಿ ವರ್ಷಗಟ್ಟಲೆ ದುಡಿದವರು. 1904ರಲ್ಲಿ ಅವರು ಮೇಲಿನ ಸಾಲನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಇನ್ನೊಂದು ಸಾಲು, ಪನುಂಬ್ರೆತಿಕತೆಮನುಅಂಬ್ರೆತುಉಎನಿ ಎಂಬುದು ಅವರ ಓದಿನಲ್ಲಿ 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು' ಆಯಿತು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ, ಬಿ. ಎ. ಸಾಲೆತ್ತೂರ್ ಈ ದಾರಿಯನ್ನು ಮುಂದುವರಿಸಿದರು. 1926ರಲ್ಲಿ ಎಲ್. ಡಿ. ಬಾರ್ನೆಟ್ ಇದು ಕನ್ನಡವಲ್ಲ ಎಂದು ವಾದಿಸಿದರು. ತುಳು ಎಂದವರೂ ಇದ್ದಾರೆ. ಯಾರ ಹೆಸರು ದೊಡ್ಡದೆಂದು ನೋಡಿ ಪಕ್ಷ ಹಿಡಿಯುವ ಬದಲು ಒಂದೊಂದು ಪದಕ್ಕೂ ಮೂರು ಪ್ರಶ್ನೆ ಕೇಳಿ: ಅಕ್ಷರ ಕದಲಿಸದೆ ಪದ ಬರುತ್ತದೆಯೇ? ಬಂದ ಪದಕ್ಕೆ ಹಳಗನ್ನಡದಲ್ಲಿ ಅದೇ ರೂಪ, ಅದೇ ಅರ್ಥ ಇದೆಯೇ? ರಂಗದಲ್ಲಿ ಆ ಹೊತ್ತಿಗೆ ನಡೆಯುತ್ತಿರುವುದಕ್ಕೆ ಹೊಂದುತ್ತದೆಯೇ?

'ಬೇರೆ' ಮೊದಲ ಪ್ರಶ್ನೆಯಲ್ಲಿ ಸಲೀಸಾಗಿ ಪಾಸು. ಹಳಗನ್ನಡದ ರೂಪ ಬೇಱೆ, ಗ್ರೀಕ್ ಲಿಪಿಯಲ್ಲಿ ಱ ಬರೆಯಲು ಬೇರೆ ದಾರಿಯಿಲ್ಲ, ಆದ್ದರಿಂದ ಎರಡನೆಯದರಲ್ಲೂ ತಕರಾರಿಲ್ಲ. ಮೊದಲಲ್ಲಿ ವ ಇದ್ದದ್ದು ಬ ಆಗುವುದು ಕನ್ನಡದಲ್ಲಿ ತೀರಾ ಹಳೆಯದು. 5ನೇ ಶತಮಾನದ ಹಲ್ಮಿಡಿ ಶಾಸನದಲ್ಲೇ ಬಾಳ್ ಎಂಬುದಿದೆ. 2ನೇ ಶತಮಾನದಲ್ಲೂ ಹಾಗೆಯೇ ಇತ್ತೆನ್ನಲು ಶಾಸನದ ಆಧಾರವಿಲ್ಲ, ಅಷ್ಟನ್ನು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. 'ಕೊಂಚ' ಝೀಟಾವನ್ನು ಚ ಎಂದು ಒಪ್ಪಿದರೆ ಸರಿ.

'ಮಧು'ವಿನಲ್ಲಿ ಗಾಡಿ ನಿಲ್ಲುತ್ತದೆ. ಹಾಳೆಯಲ್ಲಿರುವುದು ದಮುನ್. ಮಧು ಬೇಕೆಂದರೆ ದ, ಮ ಸ್ಥಳ ಬದಲಿಸಬೇಕು. ಒಮ್ಮೆ ಬರೆದವನ ಕೈ ತಪ್ಪಿತೆನ್ನಬಹುದು, ಆದರೆ ಮುಂದೆ ದಮುತ್ ಎಂದು ಅದೇ ಕ್ರಮದಲ್ಲಿ ಮತ್ತೆ ಬರುತ್ತದೆ. ಎರಡು ಸಲವೂ ಒಂದೇ ರೀತಿ ತಪ್ಪಿದನೆಂಬುದಕ್ಕೆ ನಾವಂತೂ ಅಂಕ ಕೊಡುವುದಿಲ್ಲ. 'ಹಾಕಿ'ಗೆ ಇನ್ನೊಂದು ಬಗೆಯ ಲೆಕ್ಕ. ಕನ್ನಡದಲ್ಲಿ ಪದದ ಮೊದಲ ಪ ಹ ಆದದ್ದು 10ನೇ ಶತಮಾನದ ಹೊತ್ತಿಗೆ ಶುರುವಾಗಿ ಮುಂದೆ ಹಬ್ಬಿದ ಬದಲಾವಣೆ, ಆದ್ದರಿಂದ 2ನೇ ಶತಮಾನದಲ್ಲಿ ಪ ಇರುವುದೇ ಸರಿ. ಪಕ್ತೆಯ್ ಎಂಬುದರ ಪ ವಾದಕ್ಕೆ ಬಲ ಕೊಡುತ್ತದೆ, ನಡುವಿನ ತ ಬಲ ಕಿತ್ತುಕೊಳ್ಳುತ್ತದೆ. 'ಎತ್ತುವೆನು' ಇನ್ನೂ ಕಷ್ಟ. ಹಳಗನ್ನಡದಲ್ಲಿ ಉತ್ತಮ ಪುರುಷದ ಕೊನೆ -ಎಂ, ಅಂದರೆ ಎತ್ತುವೆಂ. ನುಕಾರ ಸೇರಿದ ರೂಪ ಆಮೇಲಿನದು. 'ಕಟ್ಟಿ' ಎಂಬುದಕ್ಕೆ ಮುಚ್ಚಿ ಎಂಬ ಅರ್ಥ ಹೇಳಬೇಕಾಗಿ ಬಂದದ್ದೂ ಎಳೆದದ್ದೇ.

ಮೂರನೇ ಪ್ರಶ್ನೆಯಲ್ಲಿ ಮಾತ್ರ ಹುಲ್ಟ್ಶ್‌ಗೆ ಒಳ್ಳೆಯ ಅಂಕ. ಆ ಹೊತ್ತಿಗೆ ರಂಗದಲ್ಲಿ ನಡೆಯುತ್ತಿರುವುದು ಕುಡಿತ. ಪೆತ್ರೆಕಿಓ ಎರಡು ಸಲ, ಬೆರೆ ಎರಡು ಸಲ ಮರುಕಳಿಸುವುದೂ ಗಮನಿಸತಕ್ಕದ್ದು. ಬಾಯಿಗೆ ಬಂದದ್ದನ್ನು ಗೀಚಿದರೆ ಒಂದೇ ತುಣುಕು ಸ್ವಲ್ಪ ಬೇರೆ ಅಂತ್ಯದೊಡನೆ ಮರಳುವುದು ಕಡಿಮೆ. ಒಂದೆಡೆ ಇವರೇನು ಹೇಳುತ್ತಿದ್ದಾರೆಂದು ಗ್ರೀಕ್ ಪಾತ್ರವೊಂದು ಕೇಳುತ್ತದೆ, ಪಾಲಿಗಾಗಿ ಚೀಟಿ ಎತ್ತೋಣ ಎನ್ನುತ್ತಿದ್ದಾರೆಂದು ಇನ್ನೊಂದು ಹೇಳುತ್ತದೆ. ಪ್ರಹಸನದ ದುಭಾಷಿಯನ್ನು ನಂಬಬಹುದೇ ಎಂಬುದು ಬೇರೆ ಮಾತು.

ಎದುರು ಪರೀಕ್ಷೆಯನ್ನು ಬಿಡಬೇಡಿ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬೇಕಾದಷ್ಟು ಅನುಕೂಲವಿದೆ. ಕನ್ನಡ ಅಕ್ಷರಕ್ಕೆ ಇಳಿಸಿದ ಸಾಲನ್ನು, ಹಿನ್ನೆಲೆ ಏನೂ ಹೇಳದೆ, ಹವ್ಯಕ ಕನ್ನಡ ಆಡುವ ಒಬ್ಬರಿಗೆ, ಕೊಂಕಣಿಯ ಒಬ್ಬರಿಗೆ, ಹಾಲಕ್ಕಿ ಕನ್ನಡದ ಒಬ್ಬರಿಗೆ, ಸಾಧ್ಯವಾದರೆ ಭಟ್ಕಳದ ನವಾಯತಿ ಬಲ್ಲವರೊಬ್ಬರಿಗೆ ಬೇರೆ ಬೇರೆಯಾಗಿ ಕೊಡಿ. ತಮ್ಮ ಮಾತಿನ ಯಾವ ಪದ ಕೇಳಿ ಬರುತ್ತದೆಂದು ಬರೆಯಿಸಿಕೊಳ್ಳಿ. ಅದೇ ಉದ್ದದ ಒಂದು ಸಾಲನ್ನು ಪಪೈರಸ್ಸಿನ ಅಕ್ಷರಗಳನ್ನೇ ಚೀಟಿ ಎತ್ತಿ ಕಲಸಿ ತಯಾರಿಸಿ, ಅದನ್ನೂ ಕೊಡಿ. ಕಲಸಿದ ಸಾಲಿನಲ್ಲೂ ಅಷ್ಟೇ ಪದ ಸಿಕ್ಕಿದರೆ ಹೊಂದಾಣಿಕೆ ಲಿಪಿಯ ಸಡಿಲಿನಿಂದ ಬಂದದ್ದು. ಮೂಲದಲ್ಲೇ ಎದ್ದು ಕಾಣುವಷ್ಟು ಹೆಚ್ಚು ಸಿಕ್ಕಿದರೆ ಹುಲ್ಟ್ಶ್ ಪಕ್ಷ ಗಟ್ಟಿಯಾಯಿತು. ಇಲ್ಲಿ ಎಲ್ಲರೂ ಮಾಡುವ ತಪ್ಪು, 'ಇದು ಹಳೇ ಕನ್ನಡ, ನೋಡಿ' ಎಂದು ಮೊದಲೇ ಹೇಳಿಬಿಡುವುದು. ಹೇಳಿದಿರೋ, ಪರೀಕ್ಷೆ ಕೆಟ್ಟಿತು.

ಗ್ರೀಕ್ ಮತ್ತು ಲ್ಯಾಟಿನ್ ನಾಟಕದಲ್ಲಿ ಪರದೇಶಿಯ ಬಾಯಲ್ಲಿ ಬರೀ ಅಣಕು ಸದ್ದು ಹಾಕುವ, ಅವನ ನಿಜವಾದ ಭಾಷೆಯನ್ನೇ ಆಡಿಸುವ ಎರಡೂ ಪರಂಪರೆ ಇತ್ತೆಂಬುದು ನೆನಪಿರಲಿ. ಅರಿಸ್ಟೋಫನೀಸ್ ಪರ್ಷಿಯದ ದೂತನ ಬಾಯಲ್ಲಿ ಹಾಕಿದ್ದು ಪರ್ಷಿಯನ್ ಸದ್ದಿನ ಅಣಕು ಮಾತು. ಪ್ಲಾಟಸ್ ಕಾರ್ಥೇಜಿನವನಿಂದ ಆಡಿಸಿದ್ದರಲ್ಲಿ ಅಲ್ಲಿನ ಭಾಷೆಯಾದ ಪ್ಯೂನಿಕ್ ನಿಜವಾಗಿಯೇ ಇದೆ.

ಊರು ಹುಡುಕುವವರಿಗೆ

ನಾಟಕದಲ್ಲಿ ಭಾರತ ಎಂಬ ಮಾತಿದೆ, ಸಮುದ್ರವಿದೆ, ಗುಡಿ ಇದೆ. ಇಂಥ ಬಂದರು ಎಂಬ ಸ್ಪಷ್ಟ ಹೆಸರಿಲ್ಲ. ಪರಭಾಷೆಯ ಸಾಲಿನ ಮಲ್ಪಿನಿಅಕ್ ಎಂಬ ತುಣುಕಿನಲ್ಲಿ ಮಲ್ಪೆಯ ನಾಯಕನನ್ನು ಕಂಡವರಿದ್ದಾರೆ. ಅದರ ಹಿಂದೆ ಮುಂದೆ ಇರುವ ಅಕ್ಷರಗಳನ್ನು ಏನು ಮಾಡಿದರೆಂದು ಮೊದಲು ಕೇಳಿ. ಗ್ರೀಕ್ ಭಾಗದಲ್ಲಿ ಪ್ಸೋಲಿಖೋಸ್ ಎಂಬ ನದಿ ಬರುತ್ತದೆ. ಕಾಳಿಯೋ ಶರಾವತಿಯೋ ಎಂದು ನಕ್ಷೆ ಬಿಡಿಸುವ ಮೊದಲು ತಿಳಿಯಬೇಕಾದ್ದು, ಆ ಹೆಸರೇ ಗ್ರೀಕ್ ಕಿವಿಗೆ ಪೋಲಿ ತಮಾಷೆ.

ನಮ್ಮ ತೀರಕ್ಕೆ ಗ್ರೀಕ್ ಹಡಗು ಬರುತ್ತಿದ್ದುದಕ್ಕೆ 413ರ ಆಸರೆ ಬೇಕಾಗಿಯೂ ಇಲ್ಲ. 1ನೇ ಶತಮಾನದ ನಡುವಿನ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿ ಈ ಸಾಲಿನಲ್ಲಿ ದ್ವೀಪಗಳನ್ನೂ ಕಡಲ್ಗಳ್ಳರನ್ನೂ ಹೆಸರಿಸುತ್ತದೆ. ಅದನ್ನು 1912ರಲ್ಲಿ ಇಂಗ್ಲಿಷಿಗೆ ತಂದ ಶಾಫ್, ಅದರ ಬಿಳಿ ದ್ವೀಪವನ್ನು ಭಟ್ಕಳ-ಮುರ್ಡೇಶ್ವರದ ಎದುರಿನ ನೇತ್ರಾಣಿ ಇರಬಹುದೆಂದರು. 2ನೇ ಶತಮಾನದ ಟಾಲೆಮಿಯ ಪಟ್ಟಿಯಲ್ಲಿ ಬನವಾಸಿ ಇದೆ. ಅದೇ ಬನವಾಸಿಯ ಮಧುಕೇಶ್ವರ ದೇವಾಲಯದ ನಾಗಶಿಲೆಯ ಮೇಲಿನ ಚುಟು ಅರಸರ ಕಾಲದ ಶಾಸನ ನೋಡಿ ಬನ್ನಿ, ಶಿರಸಿಯಿಂದ ಬಸ್ಸಿದೆ. ಅದರ ಭಾಷೆ ಪ್ರಾಕೃತ. ಆ ಶತಮಾನಗಳಲ್ಲಿ ಇಲ್ಲಿ ಕಲ್ಲಿನ ಮೇಲೆ ಬರೆದದ್ದು ಪ್ರಾಕೃತ. ಜನರ ಬಾಯಲ್ಲಿ ಕನ್ನಡವಿತ್ತೆಂಬುದಕ್ಕೆ ಸಂಶಯ ಬೇಡ, ಆದರೆ ಹೋಲಿಸಲು ಆ ಕಾಲದ ಕನ್ನಡ ಬರಹ ಕೈಯಲ್ಲಿಲ್ಲ. ಹುಲ್ಟ್ಶ್ ಓದನ್ನು ಪೂರ್ತಿ ಒಪ್ಪಲೂ ಪೂರ್ತಿ ಬಿಡಲೂ ಆಗದಿರುವುದು ಈ ಕೊರತೆಯಿಂದ.

ಗೋಡೆಗೆ ಹಚ್ಚುವ ಮೊದಲು

ಫಲಿತಾಂಶವನ್ನು ಕಾಲೇಜಿನ ಭಿತ್ತಿಪತ್ರಕ್ಕೋ ಸ್ಮರಣ ಸಂಚಿಕೆಗೋ ಕೊಡುವಾಗ ಪದಗಳನ್ನು ಮೂರು ಕಂಬದಲ್ಲಿ ಹಾಕಿ: ಅಕ್ಷರ ಕದಲಿಸದೆ ಬಂದವು, ಒಂದು ತಿದ್ದುಪಡಿಯಿಂದ ಬಂದವು, ಎರಡು ಅಥವಾ ಹೆಚ್ಚು ತಿದ್ದುಪಡಿ ಕೇಳಿದವು. ಮೂರನೇ ಕಂಬ ಉಳಿದೆರಡಕ್ಕಿಂತ ಉದ್ದವಾದರೆ ಅದನ್ನು ಮುಚ್ಚಿಡಬೇಡಿ. ಶೀರ್ಷಿಕೆಯಲ್ಲಿ 'ಗ್ರೀಕ್ ಪ್ರಹಸನದ ಪರಭಾಷೆಯ ಸಾಲುಗಳು: ಕನ್ನಡದ ಸಾಧ್ಯತೆ' ಎಂದಿರಲಿ. 'ಕನ್ನಡದ ಮೊದಲ ನಾಟಕ' ಎಂಬುದು ತಪ್ಪು, 'ಕನ್ನಡದ ಅತಿ ಹಳೆಯ ದಾಖಲೆ' ಎಂಬುದು ಸಾಬೀತಾಗದ ಮಾತು. ಸಂಪುಟದ ಪುಟವನ್ನು ಅಚ್ಚು ಹಾಕಬಹುದು. ಪಪೈರಸ್ಸಿನ ಹೊಸ ಬಣ್ಣದ ಛಾಯಾಚಿತ್ರ ಬಳಸುವುದಾದರೆ ಗ್ರಂಥಾಲಯದ ನಿಯಮ ನೋಡಿ, ಚಿತ್ರದ ಕೆಳಗೆ ಅವರ ಹೆಸರು ಮತ್ತು ಪಿ. ಆಕ್ಸಿ. 413 ಎಂಬ ಸಂಖ್ಯೆ ಎರಡನ್ನೂ ಹಾಕಿ. ಪ್ರವಾಸಕ್ಕೆ ಹೋದವರು ಈಜಿಪ್ಟಿನಿಂದ 'ಹಳೆಯ ಪಪೈರಸ್' ತಂದು ಪಕ್ಕದಲ್ಲಿ ತೂಗುಹಾಕಲು ಕೊಟ್ಟರೆ ಬೇಡವೆನ್ನಿ. ಹೊಸದಾದರೆ ಅಲಂಕಾರದ ವಸ್ತು, ನಿಜವಾಗಿ ಹಳೆಯದಾದರೆ 1983ರ ಅಲ್ಲಿನ 117ನೇ ಕಾನೂನಿನ ಪ್ರಕಾರ ಮಾರುವಂತಿಲ್ಲ, ದೇಶದಾಚೆ ಒಯ್ಯುವಂತಿಲ್ಲ.